ದೊಡ್ಡ ಬೇಸ್ ರಿಗ್ ಕಟ್ಟಿಕೊಂಡು ಕಾರ್ಯಕ್ರಮಕ್ಕೆ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವೇದಿಕೆ ಪಕ್ಕದಲ್ಲಿ, ಮೆಸೇಜಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ರಿಗ್ ಅಂದರೆ ಬೇಸ್ ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ (ಹೆಡ್), ಅದಕ್ಕೆ ಜೋಡಿಸುವ ಸ್ಪೀಕರ್ ಪೆಟ್ಟಿಗೆ (ಕ್ಯಾಬಿನೆಟ್) ಎರಡೂ ಸೇರಿದ್ದು. ಉದಾಹರಣೆಗೆ ಹೆಚ್ಚಾಗಿ ಆಂಪೆಗ್ ಕಂಪನಿಯ ಎಸ್‌ವಿಟಿ ಹೆಡ್ಡು, ಅದರ ಎಂಟು ಸ್ಪೀಕರಿನ ಕ್ಯಾಬಿನೆಟ್ಟನ್ನೇ ತೆಗೆದುಕೊಂಡಿದ್ದೇನೆ. ದೊಡ್ಡ ರಿಗ್ ಅಂದ ತಕ್ಷಣ ಬೇಸ್ ನುಡಿಸುವವರಿಗೆ ನೆನಪಾಗುವುದು ಅದೇ. ನಿಮ್ಮದು ಬೇರೆ ಕಂಪನಿಯದಾದರೂ ಇಲ್ಲಿನ ಮಾತು ಬಹುಪಾಲು ಅದಕ್ಕೂ ಸಲ್ಲುತ್ತದೆ.

## ಮೊದಲು ತಿಳಿಯಬೇಕಾದ್ದು

ಅಣ್ಣ, ಆ ಫ್ರಿಜ್ ತರಹದ ಡಬ್ಬದಲ್ಲಿ ಏನಿದೆ?

ಹತ್ತು ಇಂಚಿನ ಎಂಟು ಸ್ಪೀಕರ್‌ಗಳಿವೆ. ಒಳಗೆ ನಾಲ್ಕು ಖಾನೆ, ಒಂದೊಂದರಲ್ಲಿ ಎರಡೆರಡು ಸ್ಪೀಕರ್. ಹಿಂಭಾಗ ಪೂರ್ತಿ ಮುಚ್ಚಿರುತ್ತದೆ. ಎತ್ತರ 4 ಅಡಿ, ಅಗಲ 26 ಇಂಚು, ಆಳ 16 ಇಂಚು, ತೂಕ ಸುಮಾರು 63 ಕೆಜಿ. ಅದರ ಮೇಲೆ ಕೂರುವ ಟ್ಯೂಬ್ ಹೆಡ್ (ಗಾಜಿನ ಟ್ಯೂಬುಗಳಿಂದ ಸದ್ದು ಹೆಚ್ಚಿಸುವಂಥದ್ದು) ಬೇರೆ, ಅದು ಸುಮಾರು 36 ಕೆಜಿ. ಎರಡೂ ಸೇರಿದರೆ ನೂರು ಕೆಜಿಯ ಹತ್ತಿರ.

ಇಷ್ಟು ದೊಡ್ಡದು ಯಾಕೆ ಬೇಕಾಯಿತು ಅಂದರೆ, ಇದು 1969ರ ವಸ್ತು. ಆಗಿನ ಕಾರ್ಯಕ್ರಮಗಳಲ್ಲಿ ಸಭೆಯ ಕಡೆಯ ಸ್ಪೀಕರ್‌ಗಳಿಗೆ ಹೆಚ್ಚಾಗಿ ಹಾಡುವವರ ಮೈಕ್ ಮಾತ್ರ ಹೋಗುತ್ತಿತ್ತು. ಬೇಸ್ ಸದ್ದು ಇಡೀ ಸಭಾಂಗಣಕ್ಕೆ ವೇದಿಕೆಯಿಂದಲೇ ತಲುಪಬೇಕಿತ್ತು. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡ ಅಮೆರಿಕ ಪ್ರವಾಸದಲ್ಲಿ ಈ ಹೆಡ್‌ಗಳನ್ನು ಬಳಸಿತು. ಆಗ ಒಂದು ಹೆಡ್‌ಗೆ ಇಂಥ ಎರಡು ಕ್ಯಾಬಿನೆಟ್ ಜೋಡಿಸುವುದೇ ರೂಢಿಯಾಗಿತ್ತು.

ಎದುರಿಗೆ ಸೌಂಡ್‌ನವರು ಅಷ್ಟು ದೊಡ್ಡ ಸಬ್ ಇಟ್ಟಿರ್ತಾರೆ. ಮತ್ತೆ ಇದ್ಯಾಕೆ?

ಇವತ್ತು ಜನರಿಗೆ ಬೇಸ್ ಕೇಳಿಸುವ ಕೆಲಸ ಆ ಸಬ್‌ಗಳದ್ದೇ, ಅಂದರೆ ತಗ್ಗು ಸದ್ದಿಗೆಂದೇ ಇರುವ ದೊಡ್ಡ ಸ್ಪೀಕರ್‌ಗಳದ್ದು. ನಿಮ್ಮ ಕ್ಯಾಬಿನೆಟ್ ಇರುವುದು ವೇದಿಕೆಗೆ: ನಿಮಗೆ, ಡ್ರಮ್ಸ್ ನುಡಿಸುವವರಿಗೆ, ಪಕ್ಕದಲ್ಲಿ ನಿಂತ ಗಾಯಕರಿಗೆ. ನನ್ನ ಮಟ್ಟಿಗೆ ಈ ಪುಟದ ಮುಖ್ಯ ಮಾತು ಇದು. ದೊಡ್ಡ ಕ್ಯಾಬಿನೆಟ್ಟಿನ ನಿಜವಾದ ಲಾಭ ಅಬ್ಬರವಲ್ಲ. ಕಡಿಮೆ ವಾಲ್ಯೂಮಿನಲ್ಲೂ ಪ್ರತಿ ಸ್ವರ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಎಂಟು ಸ್ಪೀಕರ್ ಕೆಲಸ ಹಂಚಿಕೊಳ್ಳುವುದರಿಂದ ಯಾವುದೂ ಒದ್ದಾಡುವುದಿಲ್ಲ. ಎಲ್ಲ ನಾಬ್ ಪೂರ್ತಿ ತಿರುಗಿಸಿ ನುಡಿಸಬೇಕು ಅಂತಲೇ ದೊಡ್ಡ ರಿಗ್ ತರುವವರು ಸೌಂಡ್‌ನವರ ಅರ್ಧ ರಾತ್ರಿ ಹಾಳು ಮಾಡುತ್ತಾರೆ, ಹಾಡುಗಾರರದ್ದು ಪೂರ್ತಿ.

ಎಷ್ಟು ವ್ಯಾಟ್ ಇದ್ರೆ ಸಾಕು?

ವ್ಯಾಟ್ ಎರಡರಷ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಹಾಗಾಗಿ 300ರಿಂದ 500ಕ್ಕೆ ಹೋದರೆ ಪೆಟ್ಟಿಗೆ ಮೇಲಿನ ಅಂಕಿ ಬದಲಾಗುತ್ತದೆ, ವೇದಿಕೆಯಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ. ಅದೇ ಹೆಡ್‌ಗೆ ಇನ್ನೊಂದು ಕ್ಯಾಬಿನೆಟ್ ಸೇರಿಸಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ದುಡ್ಡು ಇದ್ದರೆ ಮೊದಲು ಸ್ಪೀಕರಿಗೆ ಹಾಕಿ.

ಕೈಚೀಲದಲ್ಲಿ ಹಿಡಿಯೋ ಹೆಡ್‌ಗಳು ಬಂದಿವೆಯಲ್ಲ, ಇನ್ನೂ ಟ್ಯೂಬ್ ಹೊರೋದು ಯಾಕೆ?

ಬೆನ್ನು ನೋವಿರುವವರು, ಒಬ್ಬರೇ ಓಡಾಡುವವರು ಖಂಡಿತ ಹೊರಬೇಡಿ. ಟ್ರೇಸ್ ಎಲಿಯಟ್ ಎಲ್ಫ್ ಒಂದು ಕೆಜಿಗೂ ಕಡಿಮೆ, 200 ವ್ಯಾಟ್ ಕೊಡುತ್ತದೆ. ಟ್ಯೂಬ್ ಹೆಡ್ಡಿನ ತೂಕ ಇರುವುದು ಗಾಜಿನ ಟ್ಯೂಬಿನಲ್ಲಲ್ಲ, ಎರಡು ಭಾರಿ ಟ್ರಾನ್ಸ್‌ಫಾರ್ಮರ್‌ಗಳಲ್ಲಿ. ಕ್ಲಾಸ್ ಡಿ ಅನ್ನುವ ಈ ಹಗುರ ಹೆಡ್‌ಗಳಿಗೆ ಅವು ಬೇಕಿಲ್ಲ. ಕ್ಯಾಬಿನೆಟ್ಟಿನಲ್ಲೂ ಹಾಗೆಯೇ, ಫೆರೈಟ್ ಮ್ಯಾಗ್ನೆಟ್ ಬದಲು ನಿಯೋಡಿಮಿಯಮ್ ಬಂದ ಮೇಲೆ ಎಷ್ಟೋ ಕೆಜಿ ಇಳಿಯಿತು.

ಟ್ಯೂಬಿನ ಗುಣ ಬೇರೆ. ಜೋರಾಗಿ ಬಾರಿಸಿದಾಗ ಅದು ಸದ್ದನ್ನು ಥಟ್ಟನೆ ಒಡೆಯುವುದಿಲ್ಲ, ಸ್ವಲ್ಪ ಅದುಮಿ ದಪ್ಪ ಮಾಡಿ ಕೊಡುತ್ತದೆ. ಅದು ಬೇಕೆನಿಸಿದವರಿಗೆ ಬೇರೆಯದು ರುಚಿಸುವುದಿಲ್ಲ. ನಾನು ಇಂದಿರಾನಗರದ ಪಬ್ಬುಗಳಿಗೆ ಚಿಕ್ಕ ಹೆಡ್, ಕಾಲೇಜು ಫೆಸ್ಟ್ ಮತ್ತು ಬಯಲು ವೇದಿಕೆಗೆ ದೊಡ್ಡದು ಒಯ್ಯುತ್ತೇನೆ. ನೂರು ಜನರ ಜಾಗಕ್ಕೆ ಎಂಟು ಸ್ಪೀಕರ್ ತರುವುದು ಸರಿಯಲ್ಲ.

## ಸಾಗಿಸುವುದು

ಕಾರಲ್ಲಿ ಹಿಡಿಯುತ್ತಾ, ಇಲ್ಲ ಟಾಟಾ ಏಸ್ ಹೇಳ್ಬೇಕಾ?

ಮೊದಲು ಟೇಪ್ ಹಿಡಿದು ಡಿಕ್ಕಿಯ ಬಾಯಿ ಅಳೆಯಿರಿ. ಒಳಗೆ ಜಾಗ ಇರುತ್ತದೆ, ಬಾಗಿಲಲ್ಲಿ ತೂರುವುದಿಲ್ಲ. ಸಮಸ್ಯೆ ಬರುವುದು ಯಾವಾಗಲೂ ಅಲ್ಲೇ. 26 ಇಂಚು ಅಗಲ, 16 ಇಂಚು ಆಳ ದಾಟಬೇಕು, ಜೊತೆಗೆ ನಿಮ್ಮ ಬೆರಳಿಗೂ ಜಾಗ ಬೇಕು. ಓಮ್ನಿ, ಈಕೋ ಥರದ ಗಾಡಿಯಲ್ಲಿ ಹಿಂದಿನ ಸೀಟು ತೆಗೆದರೆ ಆರಾಮ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಆಗುವುದಿಲ್ಲ.

ಡ್ರಮ್ಸ್, ಕೀಬೋರ್ಡ್ ಎಲ್ಲ ಸೇರಿಸಿ ಹೋಗುವುದಾದರೆ ಟಾಟಾ ಏಸ್ ಒಳ್ಳೆಯದು. ಅದರ ತೊಟ್ಟಿ ಸುಮಾರು 7 ಅಡಿ ಉದ್ದ, ಕ್ಯಾಬಿನೆಟ್ ಸಲೀಸಾಗಿ ಮಲಗುತ್ತದೆ. ನಿಲ್ಲಿಸಿ ಒಯ್ಯುವುದಾದರೆ ಡ್ರೈವರ್ ಕ್ಯಾಬಿನ್ನಿನ ಗೋಡೆಗೆ ಒತ್ತಿ ಎರಡು ಕಡೆ ಬೆಲ್ಟ್ ಬಿಗಿಯಿರಿ. ಮಲಗಿಸುವುದಾದರೆ ಬೆನ್ನ ಮೇಲೆ, ಸ್ಪೀಕರಿನ ಮುಖ ಮೇಲಕ್ಕೆ. ಕೆಳಗೆ ಹಳೆ ಕಂಬಳಿ ಹಾಸಿ. ಬಟ್ಟೆಯ ಗ್ರಿಲ್ ಮೇಲೆ ಮೈಕ್ ಸ್ಟ್ಯಾಂಡ್ ಚೀಲ ಎಸೆಯಲು ಯಾರಿಗೂ ಬಿಡಬೇಡಿ. ಕೆಳಗಿರುವುದು ಕಾಗದದ ಕೋನ್, ಒಂದು ಚೂಪು ತುದಿ ಸಾಕು.

ಹೆಡ್ ಮಾತ್ರ ತೊಟ್ಟಿಯಲ್ಲಿ ಬೇಡ. ಗಟ್ಟಿ ಕೇಸಿನಲ್ಲಿ ಹಾಕಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ. ಹಳ್ಳಿ ರಸ್ತೆಯ ಹಂಪುಗಳಲ್ಲಿ ತೊಟ್ಟಿ ಕುಲುಕುವ ಹಾಗೆ ಸೀಟು ಕುಲುಕುವುದಿಲ್ಲ.

ಮೂರನೇ ಮಹಡಿ, ಲಿಫ್ಟ್ ಇಲ್ಲ, ನಾವಿರೋದು ಇಬ್ಬರೇ. ಹೇಗೆ ಹತ್ತಿಸೋದು?

ಮೊದಲು ಹೆಡ್ ಇಳಿಸಿ. ಮೇಲೆ ಹೆಡ್ ಇಟ್ಟುಕೊಂಡೇ ಕ್ಯಾಬಿನೆಟ್ ತಳ್ಳುವವರನ್ನು ನೋಡಿದ್ದೇನೆ, ಅದು ಬೇಡವೇ ಬೇಡ. ಬರಿಗೈಯಲ್ಲಿ ಒಮ್ಮೆ ಮೇಲೆ ಹೋಗಿ ಬನ್ನಿ. ಎಲ್ಲಿ ತಿರುವು, ಎಲ್ಲಿ ಒದ್ದೆ, ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿಕೊಳ್ಳಿ. ಕಾಲಿಗೆ ಶೂ ಇರಲಿ, ಚಪ್ಪಲಿ ಬೇಡ.

ಕ್ಯಾಬಿನೆಟ್ಟಿನ ಬೆನ್ನಿನ ಕೆಳತುದಿಯಲ್ಲಿ ಎರಡು ಚಕ್ರ, ಮೇಲ್ತುದಿಯಲ್ಲಿ ಅಡ್ಡ ಹಿಡಿ ಇರುತ್ತದೆ. ಬೆನ್ನು ಮೆಟ್ಟಿಲ ಕಡೆಗೆ ಬರಲಿ. ಮೇಲಿನವರು ಎರಡು ಮೆಟ್ಟಿಲು ಮೇಲೆ ನಿಂತು ಎರಡೂ ಕೈಯಲ್ಲಿ ಹಿಡಿ ಹಿಡಿದು ವಾಲಿಸಿಕೊಳ್ಳುತ್ತಾರೆ. ಕೆಳಗಿನವರು ನೇರ ಕೆಳಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಂತು ತಳದ ಅಂಚಿಗೆ ಅಂಗೈ ಕೊಟ್ಟು ಎತ್ತುತ್ತಾರೆ. ಬೆರಳು ಗೋಡೆ ಕಡೆಗೆ ಮಡಚಬೇಡಿ, ತಿರುವಿನಲ್ಲಿ ಗೋಡೆಗೂ ಮರಕ್ಕೂ ಮಧ್ಯೆ ಸಿಕ್ಕುವುದು ಅದೇ ಬೆರಳು. ತಂತಿ ಮೀಟಬೇಕಾದ್ದೂ ಅದೇ ಬೆರಳು. ಲೆಕ್ಕ ಹೇಳುವುದು ಮೇಲಿನವರು ಮಾತ್ರ: ಒಂದ್, ಎರಡ್, ಹೂಂ. ಒಂದು ಹೂಂಗೆ ಒಂದೇ ಮೆಟ್ಟಿಲು. ಯಾರಾದರೂ "ನಿಲ್ಸು" ಅಂದರೆ ಇಬ್ಬರೂ ನಿಲ್ಲಬೇಕು, ಯಾಕೆ ಅಂತ ಆಮೇಲೆ ಕೇಳಿ. ಇಳಿಸುವಾಗಲೂ ಚಕ್ರವೇ ಮೊದಲು ಇಳಿಯಬೇಕು, ಹಿಡಿ ಹಿಡಿದವರು ಮೇಲೆಯೇ ಉಳಿಯಬೇಕು.

ಹೆಚ್ಚಿನವರು ಪೆಟ್ಟು ಮಾಡಿಕೊಳ್ಳುವುದು ಹತ್ತುವಾಗ ಅಲ್ಲ, ರಾತ್ರಿ ಇಳಿಯುವಾಗ. ಸುಸ್ತಾಗಿರುತ್ತದೆ, ಗಾಡಿ ಕಾಯುತ್ತಿರುತ್ತದೆ. ಅದಕ್ಕೇ ಮೂರನೆಯ ಮನುಷ್ಯನನ್ನು ಮೊದಲೇ ಮಾತಾಡಿಕೊಳ್ಳಿ. ಹಮಾಲಿಗಳು ಸಿಕ್ಕರೆ ಕೊಡುವ ದುಡ್ಡಿಗೆ ಹಿಂದೆ ಮುಂದೆ ನೋಡಬೇಡಿ. ಅವರಿಗೆ ಭಾರ ಎತ್ತುವುದು ನಮಗಿಂತ ಚೆನ್ನಾಗಿ ಗೊತ್ತು. ಹೆಡ್ ತೋರಿಸಿ "ಒಳಗೆ ಗಾಜಿದೆ" ಅಂತ ಒಂದು ಮಾತು ಹೇಳಿದರೆ ಸಾಕು, ಜೋಪಾನ ಮಾಡುತ್ತಾರೆ.

ಮುಗಿದ ತಕ್ಷಣ ಹೆಡ್ ಗಾಡಿಗೆ ಹಾಕ್ಬಹುದಾ?

ಟ್ಯೂಬ್ ಹೆಡ್ ಆದರೆ ಬೇಡ. ಬಿಸಿ ಇರುವಾಗ ಒಳಗಿನ ಸಣ್ಣ ಭಾಗಗಳು ಕುಲುಕಾಟ ತಡೆಯುವುದಿಲ್ಲ. ಕೊನೆಯ ಹಾಡು ಮುಗಿದ ತಕ್ಷಣ ಅದನ್ನು ಆಫ್ ಮಾಡಿ, ಉಳಿದ ಸಾಮಾನೆಲ್ಲ ಕಟ್ಟಿ, ಕಡೆಯಲ್ಲಿ ಎತ್ತಿ. ಮೇಲಿನ ಜಾಲರಿಗೆ ಕೈ ಇಟ್ಟರೆ ಬೆಚ್ಚಗೆ ಮಾತ್ರ ಇರಬೇಕು.

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಕಾರ್ಯಕ್ರಮ ಇದ್ರೆ ಏನು ಮಾಡ್ಬೇಕು?

ತಾಡಪಾಲು ಗಾಡಿ ಮೇಲೆ ಒಂದು, ಸಾಮಾನಿನ ಮೇಲೆ ಇನ್ನೊಂದು. ಗಾಳಿಗೆ ಮೇಲಿನದು ಹಾರಿದರೂ ಒಳಗಿನದು ಇರುತ್ತದೆ. ಘಟ್ಟ ಇಳಿದ ಮೇಲೆ ಇನ್ನೊಂದು ತೊಂದರೆ ಶುರು. ಎಸಿ ಕಾರಿನಲ್ಲಿ ತಣ್ಣಗಾದ ಹೆಡ್ಡನ್ನು ಆ ಒದ್ದೆ ಗಾಳಿಗೆ ತಂದರೆ ಒಳಗೆಲ್ಲ ಸಣ್ಣಗೆ ನೀರು ಕೂರುತ್ತದೆ. ಕೇಸ್ ತೆರೆದು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಅರ್ಧ ಮುಕ್ಕಾಲು ಗಂಟೆ ಬಿಡಿ, ಆಮೇಲೆ ಕರೆಂಟ್ ಕೊಡಿ. ಮನೆಗೆ ಬಂದ ಮೇಲೆ ಕ್ಯಾಬಿನೆಟ್ಟಿನ ಕವರ್ ತೆಗೆದಿಡಿ. ಒದ್ದೆ ಕವರಿನಲ್ಲಿ ನಾಲ್ಕು ದಿನ ಇಟ್ಟರೆ ಬೂಷ್ಟು ಹಿಡಿಯುತ್ತದೆ.

ವಿಮಾನದಲ್ಲಿ ಒಯ್ಯೋಕಾಗುತ್ತಾ?

ಚೆಕ್ ಇನ್‌ಗೆ ಒಂದು ಲಗೇಜ್ 32 ಕೆಜಿ ದಾಟಬಾರದು. ಎಸ್‌ವಿಟಿ ಹೆಡ್ ಅಲ್ಲಿಗೇ ನಿಲ್ಲುತ್ತದೆ. ದೂರದೂರಿಗೆ ಹೋಗುವಾಗ ಆಯೋಜಕರಿಗೆ ಮೊದಲೇ ಬರೆದು ಕೊಡಿ: ಯಾವ ಹೆಡ್, ಎಷ್ಟು ಸ್ಪೀಕರಿನ ಕ್ಯಾಬಿನೆಟ್, ಎಷ್ಟು ಓಮ್ (ಹೆಡ್‌ಗೆ ಸ್ಪೀಕರ್ ಒಡ್ಡುವ ತಡೆ). ಬಾಡಿಗೆಗೆ ಅಲ್ಲೇ ತರಿಸುತ್ತಾರೆ. "ಒಳ್ಳೆ ಬೇಸ್ ಆಂಪ್" ಅಂತಷ್ಟೇ ಬರೆದರೆ ಮನೆಯಲ್ಲಿ ಅಭ್ಯಾಸಕ್ಕೆ ಇಡುವಂಥದ್ದು ಬಂದು ಕೂರುತ್ತದೆ. ಕೈಯಲ್ಲಿ ಒಂದು ಸಣ್ಣ ಹೆಡ್ ಇದ್ದರೆ ನೆಮ್ಮದಿ.

## ಕರೆಂಟ್

ಪ್ಲಗ್ಗಿನ ಮೂರನೇ ಪಿನ್ ಕಿತ್ತರೆ ಗುಂಯ್ ಅನ್ನೋದು ನಿಲ್ಲುತ್ತೆ ಅಂತಾರೆ. ಮಾಡ್ಲಾ?

ಬೇಡ. ಯಾವ ಕಾರಣಕ್ಕೂ ಬೇಡ. ಆ ಪಿನ್ ಅರ್ಥಿಂಗ್. ಹೆಡ್ಡಿನ ಒಳಗೆ ಏನಾದರೂ ಕೆಟ್ಟು ಕವಚಕ್ಕೆ ಕರೆಂಟ್ ಬಂದರೆ ಅದು ಹರಿದು ಹೋಗುವ ದಾರಿ ಅದೊಂದೇ. ಪಿನ್ ಕಿತ್ತರೆ ಆ ದಾರಿ ನಿಮ್ಮ ಮೈಯಾಗುತ್ತದೆ. ಕೈ ಬೇಸ್ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುತ್ತದೆ. ಇದರಿಂದ ಜನ ಸತ್ತಿದ್ದಾರೆ.

ಗುಂಯ್ ಸದ್ದು ಬರುವುದು ಸಾಮಾನ್ಯವಾಗಿ ನಿಮ್ಮ ಹೆಡ್ ಒಂದು ಕಡೆ, ಮಿಕ್ಸರ್ ಇನ್ನೊಂದು ಕಡೆ ಅರ್ಥ್ ಆಗಿ, ನಡುವಿನ ಕೇಬಲ್ಲಿನಲ್ಲಿ ಸುತ್ತು ಬಿದ್ದಾಗ. ಬೇಸಿನ ಸಿಗ್ನಲ್ಲನ್ನು ಮಿಕ್ಸರಿಗೆ ಕಳಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ ಇದೆ, ಅದು ಸಿಗ್ನಲ್ ಕೇಬಲ್ಲಿನ ಅರ್ಥ್ ಮಾತ್ರ ಬಿಡಿಸುತ್ತದೆ. ಅದನ್ನು ಒತ್ತಿ. ಹೋಗದಿದ್ದರೆ ಹೆಡ್‌ಗೂ ಮಿಕ್ಸರಿಗೂ ಒಂದೇ ಕಡೆಯಿಂದ ಕರೆಂಟ್ ಕೇಳಿ. ಮೈಕ್ ಮುಟ್ಟಿದಾಗ ಜುಂ ಅಂದರೆ ನುಡಿಸುವುದು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ತಡವಾದರೂ ಪರವಾಗಿಲ್ಲ.

ಗಣೇಶನ ಪೆಂಡಾಲಲ್ಲಿ ಜನರೇಟರ್ ಮೇಲೆ ಓಡಿಸಿದ್ರೆ ಸುಟ್ಟು ಹೋಗುತ್ತಾ?

ಜನರೇಟರ್ ಅಂತ ಸುಡುವುದಿಲ್ಲ, ತಪ್ಪು ವೋಲ್ಟೇಜಿಗೆ ಸುಡುತ್ತದೆ. ಅತಿ ಕೆಟ್ಟದ್ದು ನ್ಯೂಟ್ರಲ್ ಬಿಡುವುದು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದರೆ 230 ಇರಬೇಕಾದ ಕಡೆ 400ರ ಹತ್ತಿರಕ್ಕೂ ಹೋಗಬಹುದು. ಚೀಲದಲ್ಲಿ ಒಂದು ಮಲ್ಟಿಮೀಟರ್ ಇರಲಿ. ಪ್ಲಗ್ ಹಾಕುವ ಮೊದಲು ಅಳೆಯಿರಿ, ಲೈಟು ಮತ್ತು ಸೌಂಡ್ ಪೂರ್ತಿ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಕರೆಂಟ್ ಹೋಗಿ ಜನರೇಟರಿಗೆ ಬದಲಾಯಿಸುವ ಹೊತ್ತಿಗೆ ಹೆಡ್ ಆಫ್ ಮಾಡಿ, ಲೈಟುಗಳು ಸ್ಥಿರವಾದ ಮೇಲೆ ಆನ್ ಮಾಡಿ. ಬಣ್ಣದ ಲೈಟಿನವರು ಎಳೆದ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಬೇಡಿ, ಸೌಂಡ್‌ನವರ ಲೈನ್ ಕೇಳಿ.

ಅಮೆರಿಕದಲ್ಲಿರೋ ಅಕ್ಕ ಒಂದು ಹಳೇ ಹೆಡ್ ಕಳಿಸ್ತಾರಂತೆ. ಇಲ್ಲಿ ನಡೆಯುತ್ತಾ?

ಅಲ್ಲಿನದು 120 ವೋಲ್ಟ್, ನಮ್ಮದು 230. ನೇರ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇದೆಯಾ ನೋಡಿ. ಇದ್ದರೆ ಫ್ಯೂಸ್ ಕೂಡ 230ಕ್ಕೆ ಹೇಳಿದ್ದೇ ಹಾಕಬೇಕು. ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಹೆಡ್ ಎಳೆಯುವ ಪವರಿಗಿಂತ ದೊಡ್ಡದೇ ಇರಲಿ. ಹೆಡ್ಡಿನ ಮೇಲೆ 60 ಹರ್ಟ್ಸ್ ಅಂತ ಮಾತ್ರ ಬರೆದಿದ್ದರೆ ನಮ್ಮ 50 ಹರ್ಟ್ಸಿಗೆ ಅದರ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ಸಾಗಿಸುವ ಖರ್ಚೂ ಸೇರಿಸಿ ನೋಡಿದರೆ ಹಗುರ ಹೆಡ್ ತರಿಸುವುದೇ ಜಾಣತನ.

## ವೇದಿಕೆ ಮೇಲೆ

ನನಗೇ ಕೇಳ್ಸಲ್ಲ, ಕೊನೇ ಸಾಲಲ್ಲಿ ಮಾತ್ರ ಗುಡುಗುತ್ತೆ ಅಂತಾರೆ. ಯಾಕೆ?

ಎರಡು ಕಾರಣ. ಒಂದು, ಚಿಕ್ಕ ಕ್ಯಾಬಿನೆಟ್ ನೆಲದ ಮೇಲಿದ್ದರೆ ಅದರ ಸ್ಪಷ್ಟ ಸದ್ದೆಲ್ಲ ನಿಮ್ಮ ಮಂಡಿಗೆ ಹೊಡೆದು ಮುಂದೆ ಹೋಗುತ್ತದೆ. ಎತ್ತರದ ಸ್ವರಗಳು ನೇರ ಹೋಗುತ್ತವೆ, ತಗ್ಗು ಸ್ವರ ಎಲ್ಲ ಕಡೆ ಹರಡುತ್ತದೆ. ಎಂಟು ಸ್ಪೀಕರಿನ ಕ್ಯಾಬಿನೆಟ್ಟಿನಲ್ಲಿ ಮೇಲಿನ ಸಾಲು ಕಿವಿಯ ಕಡೆಗೆ ಬರುವುದರಿಂದ ಈ ತೊಂದರೆ ಕಡಿಮೆ. ಚಿಕ್ಕದಾದರೆ ಕುರ್ಚಿ ಮೇಲಿಡಿ, ಇಲ್ಲ ಹಿಂದಕ್ಕೆ ವಾಲಿಸಿ.

ಎರಡು, ಸಭಾಂಗಣ. ದಪ್ಪ ತಂತಿ ಇ 41 ಹರ್ಟ್ಸ್. ಅದರ ಒಂದು ಅಲೆ ಎಂಟು ಮೀಟರಿಗೂ ಉದ್ದ. ಅಂಥ ಅಲೆಗಳು ಗೋಡೆಗೆ ಬಡಿದು ವಾಪಸ್ ಬಂದು ಕೆಲವು ಕಡೆ ಕೂಡಿಕೊಳ್ಳುತ್ತವೆ, ಕೆಲವು ಕಡೆ ಅಳಿಸಿ ಹೋಗುತ್ತವೆ. ಹಿಂದಿನ ಗೋಡೆ ಹತ್ತಿರ ಕೂಡುವುದೇ ಹೆಚ್ಚು. "ಬೇಸ್ ಅಲೆ ಬೆಳೆಯೋಕೆ ದೂರ ಬೇಕು" ಅನ್ನುವ ಮಾತು ಬಹಳ ಜನ ಹೇಳುತ್ತಾರೆ, ಅದು ನಿಜವಲ್ಲ. ನಿಮಗೆ ಕೇಳಿಸುತ್ತಿಲ್ಲ ಅನಿಸಿದಾಗ ಬೇಸ್ ನಾಬ್ ಏರಿಸಬೇಡಿ, ಮಿಡ್ (ನಡುವಿನ ಸ್ವರಗಳ ನಾಬ್) ಸ್ವಲ್ಪ ಏರಿಸಿ. ಸ್ವರ ಗುರುತಾಗುವುದು ಅಲ್ಲೇ.

ಹಲಗೆ ವೇದಿಕೆ ಮೇಲೆ ಇಟ್ರೆ ಎಲ್ಲಾ ಗುಡುಗುಡು ಅನ್ನುತ್ತೆ. ಏನಿದೆ ದಾರಿ?

ಟೊಳ್ಳು ಹಲಗೆ ತಾನೂ ನಡುಗುತ್ತದೆ. ಕ್ಯಾಬಿನೆಟ್ ಕೆಳಗೆ ದಪ್ಪ ಫೋಮ್ ಹಾಕಿ. ಅದು ಸಿಗದಿದ್ದರೆ ಶಾಮಿಯಾನದವರ ಹತ್ತಿರ ಜಮಖಾನ ಕೇಳಿ ನಾಲ್ಕು ಮಡಿಕೆ ಮಾಡಿ. ಮೂಲೆಯಿಂದ ಈಚೆ ಎಳೆಯಿರಿ, ಮೂಲೆ ತಗ್ಗು ಸದ್ದನ್ನು ಹೆಚ್ಚಿಸುತ್ತದೆ. ಸಮತಟ್ಟು ಇದೆಯಾ ಅಂತ ಕೈಯಿಂದ ಅಲ್ಲಾಡಿಸಿ ನೋಡಿ, ಮೇಲೆ 36 ಕೆಜಿ ಕೂರಲಿದೆ.

ರಾತ್ರಿ ಹತ್ತಾದ್ರೆ ನಿಲ್ಲಿಸಿ ಅಂತಾರೆ. ಆಂಪ್ ಮಾತ್ರ ಇಟ್ಕೊಂಡು ನುಡಿಸ್ಬಹುದಲ್ವಾ?

ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕದ ಜೊತೆ ಆಂಪ್ಲಿಫೈಯರ್, ವಾದ್ಯಗಳಿಗೂ ತಡೆಯಿದೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ 12ರವರೆಗೆ ಸಡಿಲಿಸಬಹುದು. ಆ ಅನುಮತಿ ಇದೆಯಾ ಅಂತ ಆಯೋಜಕರನ್ನು ಮುಂಗಡ ತೆಗೆದುಕೊಳ್ಳುವಾಗಲೇ ಕೇಳಿ.

## ಸ್ವಲ್ಪ ಆಳಕ್ಕೆ

ಎರಡು ಕ್ಯಾಬಿನೆಟ್ ಜೋಡಿಸಿದ್ರೆ ಓಮ್ ಎಷ್ಟಾಗುತ್ತೆ? ಹೆಡ್‌ಗೆ ಏನೂ ಆಗಲ್ವಾ?

8 ಓಮಿನ ಎರಡು ಸೇರಿದರೆ 4, 4 ಓಮಿನ ಎರಡು ಸೇರಿದರೆ 2. ಬಹುತೇಕ ಸಣ್ಣ ಹೆಡ್‌ಗಳು 4ರ ಕೆಳಗೆ ಇಳಿಯಬಾರದು, ಹಿಂದೆ ಬರೆದಿರುತ್ತದೆ. ಎಸ್‌ವಿಟಿ 2ಕ್ಕೂ ತಯಾರಾಗಿದೆ, ಆದರೆ ಅದಕ್ಕೆ ತಕ್ಕ ಹಾಗೆ ಸ್ವಿಚ್ ಇಡಬೇಕು. ಟ್ಯೂಬ್ ಹೆಡ್ಡನ್ನು ಸ್ಪೀಕರ್ ಜೋಡಿಸದೆ ಓಡಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಹಾಗಾಗಿ ಮೊದಲು ಸ್ಪೀಕರ್ ಕೇಬಲ್, ಆಮೇಲೆ ಕರೆಂಟ್, ಟ್ಯೂಬ್ ಬಿಸಿಯಾಗಲು ಒಂದು ನಿಮಿಷ ಸ್ಟ್ಯಾಂಡ್‌ಬೈ, ಆಮೇಲೆ ಸದ್ದು.

ಗಿಟಾರ್ ಕೇಬಲ್ಲನ್ನೇ ಸ್ಪೀಕರಿಗೆ ಹಾಕಿದ್ರೆ ತಪ್ಪೇನು? ತುದಿ ಒಂದೇ ಥರ ಇದೆಯಲ್ಲ.

ಒಳಗಿನ ತಂತಿ ಕೂದಲಿನಷ್ಟು. ಸ್ಪೀಕರಿಗೆ ಹೋಗುವ ಕರೆಂಟಿಗೆ ಬಿಸಿಯಾಗಿ ಕರಗಬಹುದು, ಹೆಡ್ ಶಾರ್ಟ್ ಆಗಬಹುದು. ಸ್ಪೀಕಾನ್ ಅನ್ನುವ ಸ್ಪೀಕರ್ ಪ್ಲಗ್ ಇದ್ದರೆ ಅದನ್ನೇ ಬಳಸಿ. ತಿರುಗಿಸಿದರೆ ಲಾಕ್ ಆಗುತ್ತದೆ, ಯಾರ ಕಾಲು ತಾಗಿದರೂ ಕಳಚುವುದಿಲ್ಲ.

ಸೌಂಡ್‌ನವರಿಗೆ ಡಿಐ ಪ್ರೀ ಕೊಡ್ಲಾ, ಪೋಸ್ಟ್ ಕೊಡ್ಲಾ?

ಪ್ರೀ ಅಂದರೆ ಹೆಡ್ಡಿನ ನಾಬ್‌ಗಳನ್ನು ದಾಟುವ ಮೊದಲಿನ ಸದ್ದು, ಪೋಸ್ಟ್ ಅಂದರೆ ದಾಟಿದ ಮೇಲಿನದು. ಗುರುತಿಲ್ಲದ ಕಡೆ ಪ್ರೀ ಕೊಡಿ. ವೇದಿಕೆಗೆ ಬೇಕಾದ ಹಾಗೆ ನೀವು ನಾಬ್ ತಿರುಗಿಸಿದರೂ ಎದುರಿಗೆ ಹೋಗುವ ಸದ್ದು ಕೆಡುವುದಿಲ್ಲ. ಟ್ಯೂಬಿನ ಬಣ್ಣವೂ ಜನರಿಗೆ ತಲುಪಲಿ ಅಂದರೆ ಡಿಐ ಜೊತೆಗೆ ಕ್ಯಾಬಿನೆಟ್ಟಿನ ಒಂದು ಸ್ಪೀಕರ್ ಮುಂದೆ ಮೈಕ್ ಇಡಲು ಕೇಳಿ. ಆಗ ಸೌಂಡ್‌ನವರು ಎರಡರಲ್ಲಿ ಒಂದರ ಪೋಲಾರಿಟಿ ತಿರುಗಿಸಿ ನೋಡಬೇಕು. ಯಾವುದರಲ್ಲಿ ತಗ್ಗು ಸ್ವರ ತುಂಬಿ ಬರುತ್ತದೋ ಅದು ಸರಿ.

ಐದು ತಂತಿ ಬೇಸಿನ ಬಿ ತಂತಿ ಇದರಲ್ಲಿ ಚೆನ್ನಾಗಿ ಬರಲ್ಲ ಅಂತಾರೆ, ನಿಜಾನಾ?

ಅರ್ಧ ನಿಜ. ಬಿ ತಂತಿ 31 ಹರ್ಟ್ಸ್. ಈ ಮುಚ್ಚಿದ ಕ್ಯಾಬಿನೆಟ್ 60ರ ಕೆಳಗೆ ಇಳಿಯುತ್ತಾ ಸೊರಗುತ್ತದೆ. ಆದರೂ ಸ್ವರ ಕೇಳಿಸುತ್ತದೆ, ಯಾಕೆಂದರೆ ತಂತಿ 62, 93 ಹರ್ಟ್ಸಿನಲ್ಲೂ ನುಡಿಯುತ್ತಿರುತ್ತದೆ, ಅದನ್ನು ಹಿಡಿದು ಕಿವಿ ಮೂಲ ಸ್ವರ ತುಂಬಿಕೊಳ್ಳುತ್ತದೆ. ಆ 31 ಮೈಗೆ ತಾಗಬೇಕು ಅಂದರೆ ಅದು ಎದುರಿನ ಸಬ್ ಕೆಲಸ. ಬೇಸ್ ನಾಬ್ ಪೂರ್ತಿ ಏರಿಸಿ ಹತ್ತು ಇಂಚಿನ ಸ್ಪೀಕರಿನಿಂದ ಅದನ್ನು ಹಿಂಡಲು ಹೋಗಬೇಡಿ, ಕೋನ್ ಹರಿಯುತ್ತದೆ.

ಟ್ಯೂಬ್ ನಾನೇ ಬದಲಾಯಿಸ್ಬಹುದಾ? ವಿಡಿಯೋ ನೋಡಿದ್ದೀನಿ.

ಬೇಡ. ಎಸ್‌ವಿಟಿಯ ಆರು 6550 ಟ್ಯೂಬುಗಳಿಗೆ ಒಳಗೆ ಸುಮಾರು 700 ವೋಲ್ಟ್ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಆರೂ ಒಂದಕ್ಕೊಂದು ಹೊಂದುವ ಸೆಟ್ ಆಗಿರಬೇಕು, ಹಾಕಿದ ಮೇಲೆ ಬಯಾಸ್ (ಸುಮ್ಮನಿದ್ದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟ್) ಸರಿ ಮಾಡಬೇಕು. ಟ್ಯೂಬ್ ಕೆಲಸ ಗೊತ್ತಿರುವವರು ಕಡಿಮೆ, ಹಾಗಾಗಿ ಒಬ್ಬರನ್ನು ಮೊದಲೇ ಗುರುತು ಮಾಡಿಕೊಂಡಿರಿ. ಒಂದು ಟ್ಯೂಬಿನ ಲೋಹದ ತಟ್ಟೆ ಕೆಂಡದ ಹಾಗೆ ಕೆಂಪಾಗಿ ಕಂಡರೆ ಹಾಡು ಮುಗಿಯಲಿ ಅಂತ ಕಾಯಬೇಡಿ. ಹೆಡ್ ಆಫ್ ಮಾಡಿ, ಬೇಸ್ ಕೇಬಲ್ ನೇರ ಡಿಐ ಬಾಕ್ಸಿಗೆ ಹಾಕಿ, ವೇದಿಕೆ ಮೇಲಿನ ಮಾನಿಟರ್ ಸ್ಪೀಕರಿನಲ್ಲಿ ಬೇಸ್ ಕೊಡಲು ಹೇಳಿ, ಕಾರ್ಯಕ್ರಮ ಮುಂದುವರಿಸಿ.